ಏಳನೇ ತೂಬಿನ ನಾಲ್ಕು ಗಂಟೆ ನೀರು

ಬಸವನಕೊಪ್ಪಲು, ಹನಕೆರೆ ಅಂಚೆ
6 ಫೆಬ್ರವರಿ 1977

ಮಗು ಕನಕಲಕ್ಷ್ಮಿ,

ಕೆಳಗೆ ಯಾರ ಹೆಸರಿದೆ ಎಂದು ನೋಡುವ ಮೊದಲೇ ಅಕ್ಷರ ಗುರುತು ಸಿಕ್ಕಿರಬೇಕು. ಮಳವಳ್ಳಿ ಶಾಲೆಯಲ್ಲಿ ನಿನ್ನ ಲೆಕ್ಕದ ಪುಸ್ತಕದಲ್ಲಿ ಇದೇ ಅಕ್ಷರದಲ್ಲಿ ‘ಇನ್ನೊಮ್ಮೆ ಮಾಡು’ ಎಂದು ಬರೆಯುತ್ತಿದ್ದೆ. ನಿವೃತ್ತನಾಗಿ ನಾಲ್ಕು ವರ್ಷವಾಯಿತು, ಹುಟ್ಟಿದೂರಿನಲ್ಲಿ ಚೆನ್ನಾಗಿದ್ದೇನೆ. ಮೊನ್ನೆ ಮಂಡ್ಯದ ಮಾರ್ಕೆಟ್ಟಿನಲ್ಲಿ ನಿನ್ನ ಚಿಕ್ಕಮ್ಮ ಪಂಕಜಮ್ಮನವರು ಸಿಕ್ಕಿದ್ದರು. ನೀನು ಕಾಲುವೆ ನೀರು ಹಂಚುವ ಕಚೇರಿಯಲ್ಲಿದ್ದೀಯಂತೆ. ವಾರಕ್ಕೊಮ್ಮೆ ರಟ್ಟಿನ ಕಾರ್ಡುಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕಂಪ್ಯೂಟರಿಗೆ ಉಣಿಸಿ ಬರುತ್ತೀಯಂತೆ. ಕೇಳಿ ಎದೆ ತುಂಬಿತು. ಆದರೆ ಈ ಕಾಗದ ಹೊಗಳುವುದಕ್ಕೆ ಬರೆದದ್ದಲ್ಲ. ನಿನ್ನಿಂದ ಒಂದು ಉಪಕಾರ ಆಗಬೇಕು.

ನಮ್ಮೂರಿನ ನೀರುಗಂಟಿ ಕರಿಯಯ್ಯ. ಅವನ ಅಜ್ಜನ ಕಾಲದಿಂದ ಆ ಮನೆಯವರೇ ತೂಬು ತೆಗೆದು, ಮುಚ್ಚಿ, ಗದ್ದೆಗದ್ದೆಗೆ ನೀರು ಬಿಡುತ್ತ ಬಂದಿದ್ದಾರೆ. ಈ ಬೇಸಿಗೆ ಬೆಳೆಯಿಂದ ಯಾರಿಗೆ ಯಾವಾಗ ನೀರು ಎನ್ನುವ ಹದಿನೈದು ದಿನದ ಪಟ್ಟಿಯನ್ನು ನಿಮ್ಮ ಕಚೇರಿ ಅಚ್ಚು ಹಾಕಿಸಿ ಕಳಿಸುತ್ತದೆ. ಅದು ಇಂಗ್ಲಿಷಿನಲ್ಲಿರುತ್ತದೆ. ನಾನು ಚಾವಡಿಯಲ್ಲಿ ಕೂತು ಅದನ್ನು ಕನ್ನಡಕ್ಕೆ ಇಳಿಸಿ ಬರೆಯುತ್ತೇನೆ. ಅಚ್ಚಿನ ಕಾಗದ ಅವತ್ತೇ ಪಕ್ಕದೂರಿಗೆ ಹೋಗುತ್ತದೆ, ಮತ್ತೆ ನಮ್ಮ ಕೈಗೆ ಬರುವುದಿಲ್ಲ. ಕರಿಯಯ್ಯನಿಗೆ ಓದು ಬಾರದು. ನಾನು ಎರಡು ಸಲ ಓದಿ ಹೇಳಿದರೆ ಹದಿನೈದು ದಿನವೂ ಬಾಯಿಪಾಠ.

ಜನವರಿ ನಡುವೆ ಬಂದ ಮೊದಲ ಪಟ್ಟಿಯಲ್ಲೇ ಏಳನೇ ತೂಬಿಗೆ ನಾಲ್ಕು ಗಂಟೆ ನೀರು ಎಂದಿತ್ತು. ಆ ತೂಬಿನ ಕೆಳಗೆ ಈ ವರ್ಷ ಒಂದು ಪೈರೂ ಇಲ್ಲ. ಕಾಲುವೆಯ ಹೂಳು ಎತ್ತಿ ಅಲ್ಲೇ ಸುರಿದಿದ್ದಾರೆ. ಕೇಳುವವರಿಲ್ಲದ ನೀರು ಕೊನೆಯ ಗದ್ದೆಗೆ ಸೇರಬೇಕು ಎನ್ನುವುದು ಇಲ್ಲಿನ ಹಿಂದಿನಿಂದ ಬಂದ ರೂಢಿ. ಕರಿಯಯ್ಯ ಹಾಗೇ ಮಾಡಿದ. ಆದರೆ ಕೊನೆಯ ಗದ್ದೆ ಅವನ ಅಕ್ಕ ಚಿಕ್ಕಬೋರಮ್ಮನದು. ಗಂಡ ಹೋದ ಮೇಲೆ ತಾನೇ ಬೇಸಾಯ ಮಾಡಿಸುವ ಹೆಂಗಸು. ಆಗ ಆಕೆಯ ಒಟ್ಲಿನಲ್ಲಿ ನಾಟಿಗೆ ಬೆಳೆಸಿದ ಸಸಿ ಇತ್ತು.

ಎಂಟನೇ ತೂಬಿನ ಬೋರಯ್ಯನಿಗೆ ಬೆಳಿಗ್ಗೆ ಆರಕ್ಕೆ ಬರಬೇಕಾದ ನೀರು ಹತ್ತಕ್ಕೆ ಬಂತು. ಅವನು ಮಂಡ್ಯಕ್ಕೆ ಹೋಗಿ ಕಚೇರಿಯ ಪಟ್ಟಿ ನೋಡಿದ. ಅದರಲ್ಲಿ ಏಳನೇ ತೂಬಿಗೆ ನೀರೇ ಇಲ್ಲ. ಸೆಕ್ಷನ್ ಆಫೀಸರು ಬಂದು ಕರಿಯಯ್ಯನ ಸೊಂಟದಿಂದ ತೂಬುಗಳ ಬೀಗದ ಕೈ ಬಿಚ್ಚಿಸಿಕೊಂಡು ಚಾವಡಿಯ ಮೊಳೆಗೆ ನೇತುಹಾಕಿದರು. ಅಕ್ಕನ ಒಟ್ಲಿಗೆ ನೀರು ಕದ್ದ, ಮೇಷ್ಟ್ರು ಪಟ್ಟಿಗೆ ಒಂದು ಸಾಲು ಸೇರಿಸಿ ಕೊಟ್ಟರು ಎಂದು ಊರು ಆಡಿಕೊಳ್ಳುತ್ತಿದೆ.

ನನ್ನ ಮಾತು ಬಿಡು. ಅವನು ಮನೆಯಿಂದ ಹೊರಗೆ ಬರುತ್ತಿಲ್ಲ. ಯಾರೂ ಇಲ್ಲದ ತೂಬಿಗೆ ಕಂಪ್ಯೂಟರು ನಾಲ್ಕು ಗಂಟೆ ಬರೆಯುವುದುಂಟೇ ಎಂದು ವಿಚಾರಿಸಿ ತಿಳಿಸು.

ಆಶೀರ್ವಾದಗಳೊಂದಿಗೆ,
ಮರಿಸಿದ್ದಯ್ಯ


ಮಂಡ್ಯ
15 ಫೆಬ್ರವರಿ 1977

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಅಕ್ಷರ ಲಕೋಟೆಯ ಮೇಲೇ ಗುರುತು ಸಿಕ್ಕಿತು. ಕಾಗದವನ್ನು ಕಚೇರಿಯಲ್ಲಿ ಒಡೆಯದೆ ಮನೆಗೆ ತಂದು ಓದಿದೆ.

ಒಂದು ವಿಷಯ ಮೊದಲು ಹೇಳಿಬಿಡುತ್ತೇನೆ. ಆ ಪಟ್ಟಿ ಮಾಡುವವಳು ನಾನೇ. ನಿಮ್ಮ ಕಾಲುವೆಯನ್ನು ಪ್ರಯೋಗಕ್ಕೆ ಆರಿಸಿದಾಗ ಅದಕ್ಕೆ ಪ್ರೋಗ್ರಾಂ ಬರೆಯಲು ನನ್ನನ್ನು ತಾತ್ಕಾಲಿಕವಾಗಿ ತೆಗೆದುಕೊಂಡರು. ಕಚೇರಿಯ ಪ್ರತಿಯನ್ನು ಮೂರು ಸಲ ನೋಡಿದೆ. ಏಳನೇ ತೂಬಿನ ಮುಂದೆ ಸೊನ್ನೆ ಇದೆ. ನಿಮ್ಮೂರಿಗೆ ಹೋದ ಪ್ರತಿಯೂ ಇದೇ ಕಾರ್ಡುಗಳಿಂದ ಆದದ್ದು. ಕಚೇರಿಗೆ ಉಳಿದದ್ದು ಮಸುಕಾಗಿತ್ತೆಂದು ಮಾರನೆಯ ದಿನ ಇನ್ನೊಮ್ಮೆ ಅಚ್ಚು ಹಾಕಿಸಿದೆ, ಅಷ್ಟೆ. ಕಾರ್ಡು ಒಂದೇ ಆದ ಮೇಲೆ ಪಟ್ಟಿಯೂ ಒಂದೇ.

ಮೇಷ್ಟ್ರೇ, ಯಂತ್ರಕ್ಕೆ ಕಣ್ಣು ಮಂಜಾಗುವುದಿಲ್ಲ. ಇಂಗ್ಲಿಷಿನ ಸಣ್ಣ ಅಂಕಿಗಳನ್ನು ನೋಡಿ ಬರೆಯುವಾಗ ಒಂದು ಸಾಲು ಹೆಚ್ಚಾಗಿರಬಹುದೇ? ಇದನ್ನು ನಿಮಗೆ ಬರೆಯಲು ಕೈ ಓಡುತ್ತಿಲ್ಲ. ನನ್ನ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ವಿದ್ಯಾರ್ಥಿನಿ,
ಕನಕಲಕ್ಷ್ಮಿ


ಬಸವನಕೊಪ್ಪಲು
1 ಮಾರ್ಚ್ 1977

ಮಗು ಕನಕಲಕ್ಷ್ಮಿ,

ಬೇಸರವಿಲ್ಲ. ನಿನ್ನ ಜಾಗದಲ್ಲಿದ್ದಿದ್ದರೆ ನಾನೂ ಮೊದಲು ಮುದುಕನ ಕಣ್ಣನ್ನೇ ಅನುಮಾನಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನಾನೇ ಅನುಮಾನಿಸಿದೆ. ಹೋದ ತಿಂಗಳು ಕಾಫಿಗೆ ಉಪ್ಪು ಹಾಕಿಕೊಂಡು ಕುಡಿದವನು ನಾನು. ಹಾಗಾಗಿ ನಿನ್ನ ಕಾಗದ ಬಂದ ಸಂಜೆ ಕರಿಯಯ್ಯನ ಮನೆಗೆ ಹೋದೆ. ಅವನು ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ನಾಳೆ ಪಂಚಾಯ್ತಿ ಮುಂದೆ ನಿಂತು ನನ್ನ ಕೈಯಿಂದಲೇ ತಪ್ಪಾಯಿತು ಎಂದು ಹೇಳಿಬಿಡುತ್ತೇನೆ, ನಿನ್ನ ಬೀಗದ ಕೈ ನಿನಗೆ ಬರುತ್ತದೆ ಎಂದೆ. ಹೊಸೆಯುವುದನ್ನು ನಿಲ್ಲಿಸದೆಯೇ ಅವನು ಹೇಳಿದ:

“ಮಾಡ್ದಿರೋ ತಪ್ಪ ಮಾಡ್ದೆ ಅಂತ ಒಪ್ಕೊಂಡು ನನ್ನ ಉಳಿಸ್ಬ್ಯಾಡಿ ಮೇಷ್ಟ್ರೇ. ಆಮೇಕೆ ಊರ್ನಾಗೆ ಇಬ್ರು ಕಳ್ರು ಆಯ್ತರೆ.”

ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮನೆಗೆ ಬಂದು ನಾನು ಬರೆದ ಹಾಳೆಯನ್ನು ಮುಂದಿಟ್ಟುಕೊಂಡು ಕೂತೆ. ಬೋರಯ್ಯನಿಂದ ಕಚೇರಿಯ ಪಟ್ಟಿಯ ನಕಲನ್ನೂ ತರಿಸಿಕೊಂಡಿದ್ದೆ. ಪಾಪ, ಅವನೂ ಕೆಟ್ಟವನಲ್ಲ. ನೀರು ತಡವಾಗಿ ಬಂದರೆ ಯಾರಾದರೂ ಕೇಳುತ್ತಾರೆ.

ಈಗ ಲೆಕ್ಕ ನೋಡು. ಒಂದರಿಂದ ಆರನೇ ತೂಬಿನವರೆಗೆ ಎರಡು ಪಟ್ಟಿಯೂ ಒಂದೇ. ಏಳನೆಯದಕ್ಕೆ ನನ್ನದರಲ್ಲಿ ನಾಲ್ಕು ಗಂಟೆ ಹೆಚ್ಚು. ಎಂಟನೆಯದು ನಿನ್ನಲ್ಲಿ ಆರಕ್ಕೆ ಶುರುವಾದರೆ ನನ್ನಲ್ಲಿ ಹತ್ತಕ್ಕೆ. ಒಂಬತ್ತನೆಯದೂ ನಾಲ್ಕು ಗಂಟೆ ತಡ. ಹೀಗೇ ಹತ್ತೊಂಬತ್ತನೆಯ ತೂಬಿನವರೆಗೆ ಒಂದೊಂದು ಸಾಲೂ ಸರಿಯಾಗಿ ನಾಲ್ಕೇ ಗಂಟೆ ತಡ. ಕಣ್ಣು ಮಂಜಾದವನು ಒಂದು ಸಾಲು ತಪ್ಪಾಗಿ ಬರೆದಾನು. ಆ ತಪ್ಪಿಗೆ ಹೊಂದುವಂತೆ ಮುಂದಿನ ಎಲ್ಲ ಸಾಲನ್ನೂ ತಿದ್ದಿಕೊಂಡು ಹೋಗುವುದು ಕಣ್ಣಿನ ಕೆಲಸವಲ್ಲ, ಲೆಕ್ಕ ಮಾಡುವವನ ಕೆಲಸ. ನಾನು ಲೆಕ್ಕ ಮಾಡಲಿಲ್ಲ ಕಣಮ್ಮ, ನೋಡಿ ಬರೆದೆ.

ಇನ್ನೊಮ್ಮೆ ಮಾಡು.

ಆಶೀರ್ವಾದಗಳೊಂದಿಗೆ,
ಮರಿಸಿದ್ದಯ್ಯ


ಮಂಡ್ಯ
22 ಮಾರ್ಚ್ 1977

ಪೂಜ್ಯ ಮೇಷ್ಟ್ರಿಗೆ,

ಇನ್ನೊಮ್ಮೆ ಮಾಡಿದೆ. ತಪ್ಪು ನನ್ನದು.

ನಿಮ್ಮ ಕಾಗದ ಓದಿದ ಮೇಲೆ ನೆನಪಾಯಿತು. ಮಸುಕಾದ ಪ್ರತಿಗೆ ಬದಲು ಇನ್ನೊಂದನ್ನು ಅಚ್ಚು ಹಾಕಿಸಲು ಹೋದ ದಿನ ನಮ್ಮ ಮಾಮೂಲಿ ಯಂತ್ರ ರಿಪೇರಿಯಲ್ಲಿತ್ತು. ಅಲ್ಲಿಂದ ಮೂರು ಮೈಲಿ ದೂರದ ಬೇರೊಂದು ಸಂಸ್ಥೆಯವರು ತಮ್ಮ ಯಂತ್ರದಲ್ಲಿ ಅರ್ಧ ಗಂಟೆ ಕೊಟ್ಟರು. ಅದು ಬೇರೆ ಕಂಪನಿಯದು. ಅದೇ ಕಾರ್ಡು ಕೊಟ್ಟೆ, ಪಟ್ಟಿ ಬಂತು, ತಂದೆ. ಮುಂದಿನ ಪಟ್ಟಿಗಳನ್ನೂ ಅಲ್ಲೇ ಮಾಡಿಸಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಎಂದು ಹೊಳೆಯಲೇ ಇಲ್ಲ.

ಈಗ ಎರಡೂ ಕಡೆ ಹೋಗಿ ಅದೇ ಹಳೆಯ ಕಾರ್ಡುಗಳನ್ನು ಹಾಕಿಸಿದೆ. ಇನ್ನೊಂದು ಯಂತ್ರ ಸೊನ್ನೆ ಕೊಟ್ಟರೆ, ಮಾಮೂಲಿ ಯಂತ್ರ ಏಳನೇ ತೂಬಿಗೆ ನಾಲ್ಕು ಗಂಟೆ ಕೊಟ್ಟಿತು. ನೀವು ಬರೆದದ್ದಕ್ಕೂ ಅದಕ್ಕೂ ಒಂದು ನಿಮಿಷದ ವ್ಯತ್ಯಾಸವಿಲ್ಲ. ಆ ಅಚ್ಚಿನ ಕಾಗದವನ್ನು ಇದರೊಂದಿಗೆ ಇಟ್ಟಿದ್ದೇನೆ.

ಯಾಕೆ ಹೀಗಾಯಿತು ಎಂದರೆ, ನಾವು ಬರೆಯುವುದನ್ನು ಯಂತ್ರ ನೇರವಾಗಿ ಓದುವುದಿಲ್ಲ. ನಡುವೆ ಒಬ್ಬ ದುಭಾಷಿ ಇರುತ್ತಾನೆ. ಕಂಪೈಲರ್ ಎನ್ನುತ್ತಾರೆ. ಒಂದೊಂದು ಕಂಪನಿಯ ಯಂತ್ರಕ್ಕೆ ಒಬ್ಬೊಬ್ಬ. ‘ಈ ತೂಬಿನ ಕೆಳಗೆ ಎಷ್ಟು ತುಂಡು ಗದ್ದೆ ಇದೆಯೋ ಅಷ್ಟು ಸಲ ನಾಲ್ಕು ಗಂಟೆ ಕೊಡು’ ಎಂದು ನಾನು ಬರೆದಿದ್ದೆ. ಇಪ್ಪತ್ತು ತುಂಡಿದ್ದರೂ, ಒಂದಿದ್ದರೂ ಇಬ್ಬರು ದುಭಾಷಿಗಳಿಗೂ ಅರ್ಥ ಒಂದೇ. ಒಂದೂ ಇಲ್ಲದಿದ್ದರೆ? ನನ್ನ ಚಿಕ್ಕಮ್ಮ ಊಟಕ್ಕೆ ಬಡಿಸುವುದನ್ನು ನೆನೆದುಕೊಳ್ಳಿ. ಎಲೆಯ ಮುಂದೆ ಕೂತವರು ಬೇಡ ಎಂದರೂ ಮೊದಲ ಸೌಟು ಬಿದ್ದೇ ಬೀಳುತ್ತದೆ. ಆಮೇಲೆ, ಸಾಕಾ ಎಂದು ಕೇಳುತ್ತಾರೆ. ಹೋಟೆಲಿನ ಮಾಣಿ ಹಾಗಲ್ಲ, ಮೊದಲು ಕೇಳಿ ಆಮೇಲೆ ಬಡಿಸುತ್ತಾನೆ. ಮಾಮೂಲಿ ಯಂತ್ರದ ದುಭಾಷಿ ನನ್ನ ಚಿಕ್ಕಮ್ಮನ ಜಾತಿ. ಸೊನ್ನೆ ಎಂದರೂ ಒಂದು ಸಲ ಬಡಿಸಿದ. ಇನ್ನೊಬ್ಬ ಮೊದಲು ಕೇಳಿದ, ಸೊನ್ನೆ ಎಂದು ತಿಳಿದು ಮುಂದೆ ಹೋದ. ಇಬ್ಬರದೂ ತಪ್ಪಲ್ಲ. ಬಡಿಸುವ ರೀತಿ ಬೇರೆಯಿದೆ ಎಂದು ನಾನು ತಿಳಿದುಕೊಂಡಿರಬೇಕಿತ್ತು.

ಇದನ್ನೆಲ್ಲ ಇಂಜಿನಿಯರಿಗೆ ಬರವಣಿಗೆಯಲ್ಲಿ ಕೊಟ್ಟೆ. ಅವರು, ನಿನ್ನ ನೇಮಕ ಮುಂದಿನ ತಿಂಗಳಿಗೆ ಮುಗಿಯುತ್ತದೆ, ಇದು ಫೈಲಿಗೆ ಸೇರಿದರೆ ಮುಂದುವರಿಸುವುದು ಕಷ್ಟ, ಬಾಯಲ್ಲಿ ಹೇಳಿದ್ದರೆ ಸಾಕಿತ್ತು ಎಂದರು. ಬಾಯಲ್ಲಿ ಹೇಳಿದರೆ ಕರಿಯಯ್ಯನವರ ಬೀಗದ ಕೈ ವಾಪಸು ಬರುವುದಿಲ್ಲವಲ್ಲ. ಫೈಲಿಗೇ ಸೇರಿಸಿ ಎಂದೆ. ಸೆಕ್ಷನ್ ಆಫೀಸರಿಗೆ ಆದೇಶ ಹೋಗಿದೆ.

ಇನ್ನೂ ಒಂದು ತೊಡಕು ಉಳಿದಿದೆ. ಒಂದು ಕೆಟ್ಟರೆ ಇನ್ನೊಂದು ಬೇಕಾದ್ದರಿಂದ ಎರಡು ಯಂತ್ರವನ್ನೂ ಬಳಸಲೇಬೇಕು. ಇಬ್ಬರು ದುಭಾಷಿಗಳ ನಡುವೆ ಇಂಥ ಐದಾರು ವ್ಯತ್ಯಾಸಗಳಿವೆ. ಒಬ್ಬೊಬ್ಬನಿಗೂ ಬೇರೆ ಬೇರೆ ಆಜ್ಞೆಗಳನ್ನು ಬರೆದು, ಇದು ಇಂಥ ಯಂತ್ರ ಎಂದು ಹೇಳುವ ಒಂದು ಕಾರ್ಡನ್ನು ಮೇಲೆ ಇಟ್ಟೆ. ಎರಡನೇ ವಾರಕ್ಕೇ ಅವಸರದಲ್ಲಿ ತಪ್ಪು ಕಾರ್ಡು ಇಟ್ಟೆ. ಹೆಸರು ಬರೆಯುವ ಕೈ ನನ್ನದೇ ತಾನೇ.

ಹೋದ ಕಾಗದದಲ್ಲಿ ನಿಮ್ಮ ಕಣ್ಣಿನ ಬಗ್ಗೆ ಬರೆದದ್ದನ್ನು ಕ್ಷಮಿಸಿ. ಬೈಯದೆ ಲೆಕ್ಕ ತೋರಿಸಿಕೊಟ್ಟಿರಿ. ಆ ಋಣ ದೊಡ್ಡದು.

ನಿಮ್ಮ,
ಕನಕಲಕ್ಷ್ಮಿ


ಬಸವನಕೊಪ್ಪಲು
6 ಏಪ್ರಿಲ್ 1977

ಮಗು ಕನಕಲಕ್ಷ್ಮಿ,

ನಿನ್ನ ಕಾಗದವನ್ನು ಚಾವಡಿಯಲ್ಲಿ ಓದಿದೆ. ಊರಿಗೆ ಊರೇ ಸೇರಿತ್ತು. ಪಂಕಜಮ್ಮನವರ ಸೌಟಿನ ಮಾತು ಬಂದಾಗ ಹೆಂಗಸರೆಲ್ಲ ನಕ್ಕರು. ನಿನ್ನ ನೌಕರಿಯ ಮಾತು ಬಂದಾಗ ಯಾರೂ ನಗಲಿಲ್ಲ. ಬೋರಯ್ಯ ಎದ್ದು ನಿಂತು, ಆ ಮಗಿಗೆ ಇಂಗಾಗಬಾರ್ದಿತ್ತು ಎಂದು ತಲೆ ತಗ್ಗಿಸಿ ಕೂತ.

ಸೆಕ್ಷನ್ ಆಫೀಸರು ಮರ್ಯಾದಸ್ಥರು. ಮೊಳೆಯಿಂದ ಬೀಗದ ಕೈ ತೆಗೆದು, ತಗೋ ಕರಿಯಯ್ಯ, ತಪ್ಪಾಯ್ತು ಎಂದು ಎಲ್ಲರ ಮುಂದೆ ನೀಡಿದರು. ಕರಿಯಯ್ಯ ಕೈ ಚಾಚಲಿಲ್ಲ.

“ಕಂಪ್ಯೂಟ್ರು ತಪ್ಪು ಬರೀತು, ತಿಳೀತು ಸ್ವಾಮಿ. ಆದ್ರೂ ಯಾರ್ದೋ ನಾಕು ಗಂಟೆ ನೀರು ನಮ್ಮಕ್ಕನ ಒಟ್ಲಲ್ಲಿ ನಿಂತದೆ. ಯಾರ್ದು ಅಂತ ಗೊತ್ತಾಗೋಗಂಟ ನಾನು ಬೀಗದ ಕೈ ಮುಟ್ಟಾಕಿಲ್ಲ.”

ಆಫೀಸರು ಹೇಳಿದರು, ನಾನು ಹೇಳಿದೆ, ಬೋರಯ್ಯನೇ ಹೋಗಿ ಕೈ ಹಿಡಿದು, ನನಗೆ ನಷ್ಟ ಆಗಿಲ್ಲ, ತಡವಾದರೂ ಪೂರ್ತಿ ನೀರು ಬಂತು, ತಗೊಳ್ಳಲಾ ಎಂದ. ಒಂಬತ್ತನೇ ತೂಬಿನವರೂ ತಮಗೆ ಕಡಿಮೆಯಾಗಿಲ್ಲ ಎಂದರು, ಹತ್ತನೆಯವರೂ ಹಾಗೇ ಎಂದರು. ಹಾಗಾದ್ರೆ ನೀರು ಆಕಾಶದಿಂದ ಬಿತ್ತಾ ಎಂದ ಕರಿಯಯ್ಯ. ಮತ್ತೆ ಮೊಳೆಗೇ ಹಾಕಿದರು. ಕಚೇರಿಯಿಂದ ಬಂದ ಒಬ್ಬ ಗ್ಯಾಂಗ್‌ಮನ್ ನೀರು ಬಿಡುತ್ತಿದ್ದಾನೆ. ಅವನಿಗೆ ಬದು ಯಾವುದು, ಕಾಲುವೆ ಯಾವುದು ಎಂದು ಇನ್ನೂ ತಿಳಿದಿಲ್ಲ.

ಆದರೆ ನಿನ್ನ ತೊಡಕಿಗೆ ಕರಿಯಯ್ಯನೇ ಒಂದು ದಾರಿ ಹೇಳಿದ್ದಾನೆ. ಜೊತೆಗೆ ನಡೆದು ಬರುವಾಗ, ಯಾವ ದುಭಾಷಿ ಎಂದು ತಿಳಿಯಲು ಹೆಸರು ಬರೆದ ಕಾರ್ಡು ಯಾಕೆ ಬೇಕು ಎಂದು ಕೇಳಿದ. ಮತ್ತೆ ಹೇಗೆ ತಿಳಿಯುವುದು ಎಂದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

“ಅಸಿವಿಲ್ದಿರೋ ನೆಂಟನ್ನ ಒಬ್ಬನ್ನ ಮೊದ್ಲು ಒಳೀಕೆ ಕಳ್ಸಿ ಮೇಷ್ಟ್ರೇ. ನಂಗೆ ಒಂದು ಮುದ್ದೇನೂ ಬ್ಯಾಡ ಅನ್ನಲಿ. ಆಮೇಕೆ ಎಲೆ ನೋಡಿ. ಮುದ್ದೆ ಬಿದ್ದಿದ್ರೆ ಆಯಮ್ಮನ ಚಿಕ್ಕಮ್ಮನ ಮನೆ. ಬರೀ ಎಲೆ ಇದ್ರೆ ಓಟ್ಲು. ಬಾಗ್ಲ ಮೇಲೆ ಎಸ್ರು ಯಾವನಾದ್ರೂ ಬರ್ಕೋಬೋದು.”

ಇದು ನಿನ್ನ ಕೆಲಸಕ್ಕೆ ಆಗುತ್ತದೋ ಇಲ್ಲವೋ ನನಗೆ ತಿಳಿಯದು. ಬೀಗದ ಕೈಯ ವಿಷಯಕ್ಕೂ ಏನಾದರೂ ದಾರಿ ಹುಡುಕು. ನಾಟಿಯಾಗಿ ತಿಂಗಳಾಯಿತು. ಊರಿನ ನೀರು ಅವನ ಕೈಗೆ ಬಂದರೆ ಎಲ್ಲರಿಗೂ ಒಳ್ಳೆಯದು.

ಆಶೀರ್ವಾದಗಳೊಂದಿಗೆ,
ಮರಿಸಿದ್ದಯ್ಯ


ಮಂಡ್ಯ
24 ಏಪ್ರಿಲ್ 1977

ಪೂಜ್ಯ ಮೇಷ್ಟ್ರಿಗೆ,

ಕರಿಯಯ್ಯನವರಿಗೆ ಮೊದಲು ನನ್ನ ನಮಸ್ಕಾರ ತಿಳಿಸಿ. ಅವರು ಹೇಳಿದ್ದನ್ನು ಅಕ್ಷರಶಃ ಮಾಡಿದೆ. ಪ್ರೋಗ್ರಾಮಿನ ಆರಂಭದಲ್ಲಿ ಐದು ಕಾರ್ಡು ಸೇರಿಸಿದೆ. ಮೊದಲು ಒಂದು ಖಾಲಿ ಎಲೆ ಹಾಕುತ್ತೇನೆ. ‘ಸೊನ್ನೆ ಸಲ ಬಡಿಸು’ ಎನ್ನುತ್ತೇನೆ. ಆಮೇಲೆ ಎಲೆ ನೋಡಿ, ಏನಾದರೂ ಬಿದ್ದಿದ್ದರೆ ಈ ದುಭಾಷಿಗೆ ಬರೆದ ಆಜ್ಞೆಗಳ ಕಡೆಗೆ, ಇಲ್ಲವಾದರೆ ಆ ದುಭಾಷಿಯ ಕಡೆಗೆ ಪ್ರೋಗ್ರಾಂ ತಾನೇ ತಿರುಗುತ್ತದೆ. ಎರಡು ಯಂತ್ರದಲ್ಲೂ ಹಾಕಿ ನೋಡಿದೆ. ಎರಡು ಪಟ್ಟಿಯನ್ನೂ ಕಿಟಕಿಗೆ ಒತ್ತಿ ಒಂದರ ಮೇಲೊಂದು ಹಿಡಿದರೆ ಅಕ್ಷರಕ್ಕೆ ಅಕ್ಷರ ಕೂಡುತ್ತದೆ. ಅಲ್ಲಿನ ಯಂತ್ರದ ಮೇಲ್ವಿಚಾರಕರು ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು. ನಮ್ಮ ನೀರುಗಂಟಿ ಎಂದೆ. ತಮಾಷೆ ಎಂದುಕೊಂಡರು.

ಇನ್ನು ಆ ನಾಲ್ಕು ಗಂಟೆ ಯಾರದು ಎನ್ನುವ ಪ್ರಶ್ನೆ. ಅವರು ಕೇಳದಿದ್ದರೆ ನಾನು ಯೋಚಿಸುತ್ತಲೇ ಇರಲಿಲ್ಲ. ನೀವೂ ಪಟ್ಟಿ ಮುಂದಿಟ್ಟುಕೊಂಡು ಓದಿ.

ಏಳನೇ ತೂಬಿಗೆ ನಾಲ್ಕು ಗಂಟೆ ಸೇರಿದ್ದರಿಂದ ಎಂಟರಿಂದ ಮುಂದಕ್ಕೆ ಎಲ್ಲರದೂ ನಾಲ್ಕು ಗಂಟೆ ಹಿಂದೆ ಬಿತ್ತು. ಬೋರಯ್ಯನವರು ಹೇಳಿದಂತೆ ಯಾರಿಗೂ ಕಡಿಮೆಯಾಗಲಿಲ್ಲ. ಹಾಗೆ ತಳ್ಳುತ್ತ ತಳ್ಳುತ್ತ ಕೊನೆಗೆ ಹತ್ತೊಂಬತ್ತನೇ ತೂಬು. ಅದರ ಕೆಳಗೆ ಒಬ್ಬರದೇ ಎರಡು ತುಂಡು, ಎಂಟು ಗಂಟೆ. ಸರಿಯಾದ ಪಟ್ಟಿಯಲ್ಲಿ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ. ನಿಮ್ಮ ಪಟ್ಟಿಯಲ್ಲಿ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು ಗಂಟೆಯವರೆಗೆ. ಆದರೆ ಮೇಲಿನ ದೊಡ್ಡ ಗೇಟನ್ನು ಕಚೇರಿಯವರು ಪ್ರತಿ ಸಲವೂ ಭಾನುವಾರ ಆರಕ್ಕೆ ಮುಚ್ಚುತ್ತಾರೆ. ಪಟ್ಟಿ ಏನೇ ಹೇಳಲಿ, ಆರರ ಮೇಲೆ ನೀರಿಲ್ಲ.

ಮುಚ್ಚಿದ ಗೇಟಿನ ಆಚೆ ಉಳಿದ ನಾಲ್ಕು ಗಂಟೆ ಕೊನೆಯ ಗದ್ದೆಯದು. ಚಿಕ್ಕಬೋರಮ್ಮನವರದು. ನನ್ನ ತಪ್ಪಿನಿಂದ ಯಂತ್ರ ಅವರಿಂದ ನಾಲ್ಕು ಗಂಟೆ ಕಿತ್ತುಕೊಂಡು ಯಾರೂ ಇಲ್ಲದ ತೂಬಿಗೆ ಕೊಟ್ಟಿತ್ತು. ಕೇಳುವವರಿಲ್ಲದ ನೀರು ಕೊನೆಯ ಗದ್ದೆಗೆ ಎಂದು ಕರಿಯಯ್ಯನವರು ಅದನ್ನು ತೆಗೆದುಕೊಂಡು ಹೋಗಿ ಯಾರದೋ ಅವರಿಗೇ ಸೇರಿಸಿದರು. ಯಾರ ನೀರನ್ನೂ ಯಾರೂ ಕದ್ದಿಲ್ಲ.

ಇದನ್ನೂ ಬರೆದು ಇಂಜಿನಿಯರಿಗೆ ಕೊಟ್ಟೆ. ಅವರು ನಾಲ್ಕನೇ ದಿನ ಕರೆದು, ಉಳಿದ ನೀರು ಕೊನೆಯ ತೂಬಿಗೆ ಎನ್ನುವ ರೂಢಿಯನ್ನೂ ಪ್ರೋಗ್ರಾಮಿನಲ್ಲಿ ಸೇರಿಸಿಬಿಡು ಎಂದರು. ನೇಮಕದ ಬಗ್ಗೆ ಕೇಳಿದೆ. ಸೇರಿಸುವುದಕ್ಕೆ ನೀನೇ ಬೇಕಲ್ಲಮ್ಮ ಎಂದರು.

ನಿಮಗೆ ಯಾವ ಮಾತಿನಲ್ಲಿ ಕೃತಜ್ಞತೆ ಹೇಳಲಿ ಎಂದು ತಿಳಿಯದೆ ಇಲ್ಲಿಗೆ ನಿಲ್ಲಿಸಿದ್ದೇನೆ.

ನಿಮ್ಮ,
ಕನಕಲಕ್ಷ್ಮಿ


ಬಸವನಕೊಪ್ಪಲು
12 ಜೂನ್ 1977

ಮಗು ಕನಕಲಕ್ಷ್ಮಿ,

ಒಂದೂವರೆ ತಿಂಗಳು ಉತ್ತರ ಬರೆಯಲಿಲ್ಲ ಎಂದು ನೊಂದುಕೊಂಡಿದ್ದೀಯೇನೋ. ಬರೆಯಬೇಡಿ ಎಂದು ನನ್ನನ್ನು ತಡೆದವಳು ಚಿಕ್ಕಬೋರಮ್ಮ. ಯಾಕೆಂದು ಕೊನೆಗೆ ಹೇಳುತ್ತೇನೆ.

ನಿನ್ನ ಕಾಗದ ಬಂದ ದಿನವೇ ಚಾವಡಿಯಲ್ಲಿ ಓದಿದೆ. ಲೆಕ್ಕವನ್ನು ಎರಡು ಸಲ ಓದಬೇಕಾಯಿತು. ಎರಡನೇ ಸಲಕ್ಕೆ ಎಲ್ಲರಿಗೂ ಅರ್ಥವಾಯಿತು. ಆಗ ಬೋರಯ್ಯ, ಗಂಡಸರ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ ಚಿಕ್ಕಬೋರಮ್ಮನನ್ನು ಕೇಳಿದ. ಆ ಭಾನುವಾರ ನಿನ್ನ ಗದ್ದೆಗೆ ಅರ್ಧಕ್ಕೇ ನೀರು ನಿಂತಿತೇನಕ್ಕ ಎಂದ. ಆಕೆ ನಿಧಾನಕ್ಕೆ ಹೇಳಿದಳು:

“ನಿಂತೋಯ್ತು ಕಣಪ್ಪ. ಕಡೇ ಗದ್ದೆಯವ್ರಿಗೆ ಪೂರ್ತಿ ನೀರು ಯಾವತ್ತು ಬಂದದೆ? ಇವತ್ತೂ ಅಂಗೇ ಅಂದ್ಕೊಂಡೆ. ಕೇಳಿದ್ರೆ ಏಳ್ತಿದ್ದೆ. ನೀವ್ಯಾರೂ ಕೇಳ್ನಿಲ್ಲ.”

ಕನಕಲಕ್ಷ್ಮಿ, ನನಗೆ ಭೂಮಿಗಿಳಿದು ಹೋದಂತಾಯಿತು. ನಾನು ಮೂವತ್ತೆರಡು ವರ್ಷ ಲೆಕ್ಕ ಹೇಳಿಕೊಟ್ಟವನು. ಹತ್ತೊಂಬತ್ತು ಸಾಲನ್ನೂ ತಾಳೆ ನೋಡಿದೆ, ಹತ್ತೊಂಬತ್ತನೆಯ ಸಾಲಿನ ಮನುಷ್ಯರನ್ನು ಒಂದು ಮಾತು ಕೇಳಲಿಲ್ಲ. ಆಕೆಯ ಮನೆ ನನ್ನ ಮನೆಯಿಂದ ನಾಲ್ಕನೆಯದು.

ಕರಿಯಯ್ಯ ಅಕ್ಕನ ಮುಖ ನೋಡಿದ. ಆ ಭಾನುವಾರದ ಹೊತ್ತಿಗೆ ಬೀಗದ ಕೈ ಮೊಳೆಗೆ ಹೋಗಿದ್ದರಿಂದ ಅವನಿಗೂ ಗೊತ್ತಿರಲಿಲ್ಲ. ಆಮೇಲೆ ಎದ್ದು ಹೋಗಿ ಯಾರೂ ಕೊಡದೆ ತಾನೇ ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಸೊಂಟಕ್ಕೆ ಕಟ್ಟಿಕೊಂಡ. ಬೋರಯ್ಯ, ಈಗಲಾದರೂ ತಗೊಂಡ್ಯಲ್ಲ ಮಾರಾಯ, ಆ ಗ್ಯಾಂಗ್‌ಮನ್ನು ನನ್ನ ಗದ್ದೆಯಲ್ಲಿ ಎಮ್ಮೆ ಮುಳುಗಿಸುವಷ್ಟು ನೀರು ನಿಲ್ಲಿಸಿದ್ದ ಎಂದ. ಮೂರು ತಿಂಗಳಲ್ಲಿ ಮೊದಲ ಸಲ ಕರಿಯಯ್ಯ ನಕ್ಕದ್ದನ್ನು ನೋಡಿದೆ. ಬೋರಯ್ಯನ ಹೆಗಲ ಮೇಲೆ ಕೈ ಹಾಕಿಕೊಂಡೇ ಕಾಲುವೆಯ ಕಡೆಗೆ ಹೋದ.

ಅವತ್ತಿನಿಂದ ಅವನ ನಡಿಗೆ ಬದಲಾಗಿದೆ. ಮೊದಲೆಲ್ಲ ಒಂದನೇ ತೂಬಿನಿಂದ ಶುರುಮಾಡಿ ಕೆಳಕ್ಕೆ ಹೋಗುತ್ತಿದ್ದ. ಈಗ ಬೆಳಿಗ್ಗೆ ಎದ್ದವನು ಸೀದಾ ಕೊನೆಯ ಗದ್ದೆಗೆ ಹೋಗುತ್ತಾನೆ. ನೀರು ಬಂತಾ ಎಂದು ಅಲ್ಲಿ ಕೇಳಿಕೊಂಡು ಆಮೇಲೆ ಮೇಲಕ್ಕೆ ಬರುತ್ತಾನೆ. ನಿಮ್ಮ ಕಾಲುವೆ ತಲೆಕೆಳಗಾಗಿ ಹರಿಯುತ್ತದಾ ಎಂದು ಪಕ್ಕದೂರಿನವರು ರೇಗಿಸುತ್ತಾರೆ.

ನಿನ್ನ ಪಟ್ಟಿ ಈಗ ಸರಿಯಾಗಿ ಬರುತ್ತಿದೆ. ಏಳನೇ ತೂಬಿನ ಮುಂದೆ ಸೊನ್ನೆ ಕಂಡಾಗಲೆಲ್ಲ ನಿನ್ನನ್ನು ನೆನೆಯುತ್ತೇನೆ. ನೌಕರಿಯನ್ನೇ ಪಣಕ್ಕಿಟ್ಟು ‘ತಪ್ಪು ನನ್ನದು’ ಎಂದು ಬರೆದು ಕೊಟ್ಟೆಯಲ್ಲ, ಅದನ್ನು ನಾನು ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಉತ್ತರ ತಡವಾದದ್ದಕ್ಕೆ ಕಾರಣ ಇದು. ಹುಡುಗಿಗೆ ಬರೀ ಕಾಗದ ಕಳಿಸಬೇಡಿ, ಕುಯ್ಲು ಮುಗಿಯಲಿ ಎಂದಳು ಚಿಕ್ಕಬೋರಮ್ಮ. ಮೊನ್ನೆ ಮುಗಿಯಿತು. ಈ ಕಾಗದ ತರುವ ಕರಿಯಯ್ಯನ ಹೆಗಲ ಮೇಲೆ ಒಂದು ಸಣ್ಣ ಮೂಟೆ ಇರುತ್ತದೆ, ಹೊಸ ಅಕ್ಕಿ. ಅವನು ಈ ಮೊದಲು ಮಂಡ್ಯದ ಕಚೇರಿಗಳ ಒಳಗೆ ಕಾಲಿಟ್ಟವನಲ್ಲ. ಬಾಗಿಲಲ್ಲೇ ನಿಂತು ವಾಪಸು ಬಂದುಬಿಡುತ್ತಾನೆ. ನೀನೇ ಎದ್ದು ಬಂದು ಒಳಕ್ಕೆ ಕರೆದು ಕೂರಿಸಿ ಮಾತಾಡಿಸು ತಾಯಿ.

ಆಶೀರ್ವಾದಗಳೊಂದಿಗೆ,
ಮರಿಸಿದ್ದಯ್ಯ